ಫಿಲಿಪ್ಪೀನ್ಸ್‌ನಲ್ಲೇ ಕಟ್ಟುವ ಅಗ್ಗದ ಕಾರು: ಎಂಜಿನ್ ಯಾವುದು, ನಾಳೆ ಸ್ಪೇರ್ ಕೊಡುವವರು ಯಾರು?

ಬದಿಯಡ್ಕದವ:

ನಮಸ್ಕಾರ ಎಲ್ಲರಿಗೂ. ಪ್ರಶ್ನೆ ಸ್ವಲ್ಪ ವಿಚಿತ್ರ ಅನ್ನಿಸಬಹುದು. ಇಲ್ಲಿ ಗ್ಯಾರೇಜಿನವರು, ಕಾರ್ಖಾನೆಯವರು, ಬಾಡಿಗೆ ಗಾಡಿ ಓಡಿಸುವವರು ಎಲ್ಲ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ.

ನಾನು ಶಾರ್ಜಾದಲ್ಲಿದ್ದಾಗ ಜೊತೆಗಿದ್ದ ಫಿಲಿಪಿನೋ ವೆಲ್ಡರ್ ಒಬ್ಬ ಈಗ ಊರಿಗೆ ಮರಳಿದ್ದಾನೆ. ಮನಿಲಾದ ದಕ್ಷಿಣಕ್ಕೆ ಲಗುನಾ ಪ್ರಾಂತ್ಯದಲ್ಲಿ ಸ್ವಂತ ಶೆಡ್. ಅಲ್ಲಿ ಜನ ‘ಓನರ್’ ಎಂದು ಕರೆಯುವ ಪುಟ್ಟ ಜೀಪು ಉಂಟು, ಸ್ಟೇನ್‌ಲೆಸ್ ತಗಡಿನ ಬಾಡಿ, ಒಳಗೆ ಹಳೇ ಟೊಯೋಟಾ 4ಕೆ ಎಂಜಿನ್. ಅದನ್ನು ಕಟ್ಟಿಕೊಡುವುದು, ರಿಪೇರಿ ಮಾಡುವುದು ಇವನ ಕಸುಬು. ಈಗ ಅವನಿಗೂ ಅವನ ಭಾವನಿಗೂ ಹೊಸ ಹುಚ್ಚು ಹಿಡಿದಿದೆ, ನಮ್ಮದೇ ಒಂದು ಕಾರು ಮಾಡೋಣ ಅಂತ. ನಾಲ್ಕೂ ಕಡೆ ಮುಚ್ಚಿರಬೇಕು, ಮಳೆ ಒಳಗೆ ಬರಬಾರದು, ಐದು ಜನ ಕೂರಬೇಕು, ಹಿಂದೆ ನಾಲ್ಕು ಮೂಟೆ ಅಕ್ಕಿ ಹಿಡಿಸಬೇಕು. ಬೆಲೆ 4 ಲಕ್ಷ ಪೆಸೊ ಮೀರಬಾರದು. ಒಂದು ಪೆಸೊ ಅಂದರೆ ನಮ್ಮ ಒಂದೂವರೆ ರೂಪಾಯಿ ಹತ್ತಿರ. ಅಲ್ಲಿ ಶೋರೂಮಿನ ಅತಿ ಅಗ್ಗದ ಕಾರೇ 6 ಲಕ್ಷ ಪೆಸೊ ಆಸುಪಾಸು ಇದೆ, ಹಾಗಾಗಿ ಗಿರಾಕಿ ಸಿಕ್ಕೇ ಸಿಗುತ್ತಾರೆ ಅನ್ನುವುದು ಅವನ ವಾದ.

ಜೀಪ್ನಿ ಮಾಡಿದ ದೇಶ ನಮ್ಮದು, ಕಾರು ಯಾಕೆ ಆಗಲ್ಲ ಅಂತಾನೆ. ಅದೂ ಸುಳ್ಳಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಸೈನ್ಯ ಬಿಟ್ಟುಹೋದ ಜೀಪುಗಳನ್ನು ಉದ್ದ ಮಾಡಿ, ಎರಡು ಬದಿಗೆ ಬೆಂಚು ಹಾಕಿ, ಬಣ್ಣ ಬಳಿದು ಇಡೀ ದೇಶಕ್ಕೇ ಬಸ್ಸು ಮಾಡಿಕೊಂಡ ಜನ ಅವರು. ಲಾಸ್ ಪಿನ್ಯಾಸ್‌ನ ಸರಾವ್ ಮೋಟರ್ಸ್ 1953ರಲ್ಲಿ ಶುರುವಾದದ್ದೇ ಅದಕ್ಕೆ.

ಡ್ರಾಯಿಂಗ್ ಕಳಿಸಿದ್ದಾನೆ, ನೋಡಲು ಚಂದ ಉಂಟು. ನನ್ನ ಸಂಶಯ ಬೇರೆ. ಎಂಜಿನ್ ಎಲ್ಲಿಂದ ತರುವುದು? ಮಾರಿ ಐದು ವರ್ಷವಾದ ಮೇಲೆ ಬಾಗಿಲಿನ ಗಾಜು ಒಡೆದರೆ ಗಿರಾಕಿ ಯಾರ ಹತ್ತಿರ ಹೋಗಬೇಕು? ಹಾಕುವುದು ಗಲ್ಫಿನಲ್ಲಿ ಬೆವರು ಸುರಿಸಿದ ದುಡ್ಡು ಮಾರಾಯ್ರೇ, ಸುಮ್ನೆ ‘ಸೂಪರ್, ಮಾಡು’ ಅಂತ ಹೇಳಿಬಿಡಲು ಮನಸ್ಸು ಬರುವುದಿಲ್ಲ. ಗೊತ್ತಿದ್ದವರು ಹೇಳಿ.

ಹೊಸೂರು ಟೂಲ್‌ರೂಮ್:

ಬದಿಯಡ್ಕದವರೇ, ನಾನು ಇಲ್ಲಿ ಸಿಪ್ಕಾಟ್ ಕೈಗಾರಿಕಾ ಪ್ರದೇಶದಲ್ಲಿ ಪ್ರೆಸ್ ಟೂಲ್ ಮಾಡುವ ಕೆಲಸದಲ್ಲಿದ್ದೇನೆ, ಅದರಿಂದ ಶುರು ಮಾಡ್ತೀನಿ.

ನಿಮ್ಮ ದೋಸ್ತ್ ಕಳಿಸಿದ ಡ್ರಾಯಿಂಗಿನಲ್ಲಿ ಬಾನೆಟ್ ಉಬ್ಬಿದೆಯಾ, ಫೆಂಡರ್ ದುಂಡಗಿದೆಯಾ, ಮೊದಲು ನೋಡಿ. ಇದ್ದರೆ ಅಳಿಸಿಹಾಕಲು ಹೇಳಿ. ತಗಡನ್ನು ಎರಡು ಕಡೆಗೆ ಬಾಗಿಸಬೇಕು ಅಂದ ಕೂಡಲೇ ಡೈ, ಅಂದರೆ ತಗಡನ್ನು ಒತ್ತಿ ಆಕಾರ ಕೊಡುವ ಅಚ್ಚು ಬೇಕು, ಡೈ ಬಂದರೆ ದೊಡ್ಡ ಪ್ರೆಸ್ ಬೇಕು. ಒಂದು ಮಾಮೂಲಿ ಕಾರಿನ ಪೂರ್ತಿ ಬಾಡಿ ಮಾಡಲು ಬೇಕಾಗುವ ಡೈಗಳ ಖರ್ಚು ಹತ್ತಾರು ಕೋಟಿಯಲ್ಲಿ ಓಡುತ್ತದೆ. ಅದನ್ನು ಲಕ್ಷ ಗಾಡಿಗೆ ಹಂಚಿದರೆ ಗೊತ್ತಾಗಲ್ಲ, ಇನ್ನೂರು ಗಾಡಿಗೆ ಹಂಚಿದರೆ ಮನೆ ಮಾರಬೇಕು. ಫಿಲಿಪ್ಪೀನ್ಸ್‌ನಲ್ಲಿ 2023ರಲ್ಲಿ ಎಲ್ಲ ಕಂಪನಿಗಳೂ ಸೇರಿ ಮಾರಿದ ಹೊಸ ಗಾಡಿ ಸುಮಾರು 4.3 ಲಕ್ಷ. ನಮ್ಮಲ್ಲಿ ಕಾರುಗಳೇ ವರ್ಷಕ್ಕೆ 40 ಲಕ್ಷ ದಾಟುತ್ತವೆ. ಅಲ್ಲಿನ ಸರ್ಕಾರ 2015ರಲ್ಲಿ ಒಂದು ದೊಡ್ಡ ಯೋಜನೆ ತಂದಿತು, ಆರು ವರ್ಷದಲ್ಲಿ ಒಂದು ಮಾಡೆಲ್ 2 ಲಕ್ಷ ಗಾಡಿ ಅಲ್ಲೇ ತಯಾರಿಸಿದರೆ ಸಹಾಯಧನ ಅಂತ, ಒಟ್ಟು 2,700 ಕೋಟಿ ಪೆಸೊ ಇಟ್ಟಿದ್ದರು. ಮೂರು ಮಾಡೆಲ್‌ಗೆ ಜಾಗ ಇತ್ತು, ಬಂದದ್ದು ಎರಡೇ, ಟೊಯೋಟಾ ವಿಯೋಸ್ ಮತ್ತು ಮಿತ್ಸುಬಿಷಿ ಮಿರಾಜ್. ದೊಡ್ಡವರಿಗೇ ಹೀಗೆ.

ಆದರೆ ದಾರಿ ಇಲ್ಲ ಅಂತಲ್ಲ, ಅವರ ದೇಶದಲ್ಲೇ ಅದಕ್ಕೆ ಉದಾಹರಣೆ ಇದೆ. 1972ರಲ್ಲಿ ಫೋರ್ಡ್ ಅಲ್ಲಿ ಫಿಯೆರಾ ಅಂತ ಒಂದು ಗಾಡಿ ತಂದಿತು. 1976ರಲ್ಲಿ ಟೊಯೋಟಾದ ಟಮರಾವ್ ಬಂತು, ಅಲ್ಲಿನ ಕಾಡೆಮ್ಮೆಯ ಹೆಸರು. ಈ ಗಾಡಿಗಳ ಬಾಡಿ ನೋಡಿದ್ದೀರಾ? ಪೂರ್ತಿ ಚಪ್ಪಟೆ. ತಗಡು ಕತ್ತರಿಸು, ಮಡಿಸು, ವೆಲ್ಡ್ ಮಾಡು, ಅಷ್ಟೇ. ಟಮರಾವ್‌ಗೆ 1.2 ಲೀಟರಿನ 3ಕೆ ಎಂಜಿನ್, ಕೆಳಗೆ ಏಣಿಯಂಥ ಚಾಸಿ, ಹಿಂದೆ ಪಟ್ಟಿ ಸ್ಪ್ರಿಂಗ್. ಮರುವರ್ಷ ಇಂಡೊನೇಷ್ಯಾದಲ್ಲಿ ಅದೇ ಗಾಡಿ ಕಿಜಾಂಗ್ ಆಯಿತು. ಅದೇ ವಂಶದ್ದು ನಮ್ಮ ಕ್ವಾಲಿಸ್, 2000ದಲ್ಲಿ ಬಿಡದಿಯಿಂದ ಹೊರಬಂದದ್ದು. ಅದಾದ ಮೇಲೆ ಇನ್ನೋವಾ. ಊರಿನ ಮದುವೆಗೆಲ್ಲ ನಾವು ಹತ್ತಿಕೊಂಡು ಹೋದ ಗಾಡಿಯ ಮೂಲ ಅಲ್ಲಿದೆ ಅಂದರೆ ತಮಾಷೆ ಅಲ್ವಾ.

ಈಗ ಲೇಸರ್ ಕಟಿಂಗ್ ಇದೆ, ಕಂಪ್ಯೂಟರ್ ಹೇಳಿದ ಹಾಗೆ ತಗಡು ಮಡಿಸುವ ಸಿಎನ್‌ಸಿ ಪ್ರೆಸ್ ಬ್ರೇಕ್ ಇದೆ. ಲಗುನಾದಲ್ಲೇ ಟೊಯೋಟಾ, ಮಿತ್ಸುಬಿಷಿ ಎರಡರ ಕಾರ್ಖಾನೆಯೂ ಇರುವುದರಿಂದ, ಇಲ್ಲಿ ನಮ್ಮ ಹೊಸೂರಿನಲ್ಲಿ ಇರುವ ಹಾಗೆ ಸಣ್ಣ ಶೀಟ್ ಮೆಟಲ್ ಶೆಡ್‌ಗಳು ಸುತ್ತಮುತ್ತ ಇದ್ದೇ ಇರುತ್ತವೆ. ಗಾಜೂ ಚಪ್ಪಟೆ ಇರಲಿ. ಮುಂದಿನ ಗಾಜು ಲ್ಯಾಮಿನೇಟೆಡ್ ಆಗಿರಲೇಬೇಕು, ಆದರೆ ಚಪ್ಪಟೆ ಲ್ಯಾಮಿನೇಟೆಡ್ ಹಾಳೆಯನ್ನು ಗಾಜಿನಂಗಡಿಯವನೇ ಅಳತೆಗೆ ಕತ್ತರಿಸಿ ಕೊಡುತ್ತಾನೆ. ಎಡಗಡೆ ಬಾಗಿಲಿನ ಗಾಜು ತಿರುಗಿಸಿದರೆ ಬಲಗಡೆಗೂ ಕೂರಬೇಕು. ಬದಿಯ ಗಾಜು ಟಫನ್ ಮಾಡಿದ್ದು, ಅದನ್ನು ಆಮೇಲೆ ಕತ್ತರಿಸಲು ಬರಲ್ಲ, ಹಾಗಾಗಿ ಒಂದೇ ಅಳತೆ ಇದ್ದಷ್ಟೂ ಒಳ್ಳೇದು, ಒಟ್ಟಿಗೆ ಮಾಡಿಸಿ ಇಡಬಹುದು.

ಎಂಜಿನ್ ವಿಷಯದಲ್ಲಿ ನೇರ ಹೇಳ್ತೀನಿ, ಹಳೇ 4ಕೆ ಹಾಕಿ ಹೊಸ ಕಾರು ಅಂತ ಮಾರುವ ಕಾಲ ಮುಗಿದಿದೆ. ಅಲ್ಲಿ 2016ರಿಂದ ಹೊಸ ಗಾಡಿಗೆ ಯೂರೋ 4 ಹೊಗೆ ನಿಯಮ ಕಡ್ಡಾಯ. ಕಾರ್ಬ್ಯುರೇಟರ್ ಎಂಜಿನ್ ಅದರಲ್ಲಿ ಪಾಸಾಗಲ್ಲ. ನನ್ನ ಸಲಹೆ, ಕಾರು ಮಾಡುವ ಆಸೆ ಬಿಟ್ಟು ಬಾಡಿ ಮಾಡಲಿ. ಮಿತ್ಸುಬಿಷಿ ಎಲ್300, ಸುಜುಕಿ ಕ್ಯಾರಿ ಥರದ ಗಾಡಿಗಳು ಅಲ್ಲಿ ಕ್ಯಾಬಿನ್ ಮತ್ತು ಚಾಸಿ ಮಾತ್ರವಾಗಿಯೂ ಸಿಗುತ್ತವೆ. ಎಲ್300ರ ಹಿಂದಿನ ಬಾಡಿಯನ್ನು ಅಲ್ಲಿನವರೇ ಕಟ್ಟುವುದು ಎಷ್ಟೋ ವರ್ಷದ ರೂಢಿ. ಎಂಜಿನ್, ಬ್ರೇಕ್, ಹೊಗೆ ಸರ್ಟಿಫಿಕೇಟ್ ಎಲ್ಲ ಕಂಪನಿಯ ತಲೆನೋವು. ಇವನ ಕೈಗೆ ಉಳಿಯುವುದು ಇವನಿಗೆ ಬರುವ ಕೆಲಸ.

ಕುಂಬಳೆ ಗ್ಯಾರೇಜ್:

ಟೂಲ್‌ರೂಮಿನವರು ಹೇಳಿದ್ದು ಸರಿ. ನಾನು ಗಾಡಿ ಮಾರಿದ ಮೇಲಿನ ಕಥೆ ಹೇಳುತ್ತೇನೆ, ಯಾಕೆಂದರೆ ಡಿಸೈನ್ ಮಾಡಿದವನ ಬೈಗುಳ ಎಲ್ಲ ಕೊನೆಗೆ ಕೇಳಿಸುವುದು ನಮ್ಮ ಶೆಡ್ಡಿನಲ್ಲಿ.

ನಮ್ಮದು ಕಡಲ ಬದಿ, ಅವರದ್ದೂ ದ್ವೀಪ. ಮೊದಲ ಶತ್ರು ತುಕ್ಕು. ಜೀಪಿನ ಬಾಗಿಲು ಬಿಚ್ಚಿ ನೋಡಿ, ಕೆಳಗಿನ ಅಂಚಿನಲ್ಲಿ ತಗಡನ್ನು ಮಡಿಸಿರುತ್ತಾರೆ. ಗಾಜಿನ ಸಂದಿಯಿಂದ ಇಳಿದ ನೀರು ಆ ಮಡಿಕೆಯಲ್ಲಿ ಕೂರುತ್ತದೆ. ಒಂದು ತೂತು ಇಟ್ಟಿರುತ್ತಾರೆ, ಅದು ಕೆಂಪು ಧೂಳು ತುಂಬಿ ಮುಚ್ಚಿರುತ್ತದೆ. ಎರಡು ಮಳೆಗಾಲ ಕಳೆದರೆ ಬಣ್ಣ ಗುಳ್ಳೆ ಏಳುತ್ತದೆ, ಬೆರಳಿನಿಂದ ಒತ್ತಿದರೆ ಒಳಗೆ ಹೋಗುತ್ತದೆ. ಮ್ಯಾಟಿನ ಅಡಿಯ ನೆಲ, ಬಾಡಿಯನ್ನು ಚಾಸಿಗೆ ಬೋಲ್ಟ್ ಮಾಡುವ ಜಾಗ, ಚಕ್ರದ ಹಿಂದೆ ಕೆಸರು ಕೂರುವ ಮೂಲೆ, ಎಲ್ಲ ಹಾಗೇ. ಆದ್ದರಿಂದ ತೂತು ದೊಡ್ಡದಿರಲಿ, ಕಡ್ಡಿ ಹಾಕಿ ಕ್ಲೀನ್ ಮಾಡುವ ಹಾಗಿರಲಿ. ಚಾಸಿಗೆ ಚೌಕದ ಪೈಪ್ ಹಾಕಿದರೆ ಒಳಗೆ ಹೊಕ್ಕ ನೀರು ಹೊರಗೆ ಬರುವ ದಾರಿ ಬೇಕು, ಇಲ್ಲದಿದ್ದರೆ ಹೊರಗೆ ಹೊಳೆಯುತ್ತಾ ಒಳಗಿನಿಂದ ಕೊಳೆಯುತ್ತದೆ.

ಇನ್ನೊಂದು, ಅವನು ಸ್ಟೇನ್‌ಲೆಸ್ ಅಂತ ಕುಣಿಯುತ್ತಾನಲ್ಲ, ಸ್ಟೇನ್‌ಲೆಸ್ ಬಾಡಿಯನ್ನು ಮಾಮೂಲಿ ಕಬ್ಬಿಣದ ಚಾಸಿಗೆ ನೇರ ಬೋಲ್ಟ್ ಮಾಡಿದರೆ ಉಪ್ಪು ನೀರಿನಲ್ಲಿ ಆ ಸೇರುವ ಜಾಗದ ಕಬ್ಬಿಣ ಬೇಗ ತಿಂದುಹೋಗುತ್ತದೆ. ಮಧ್ಯೆ ರಬ್ಬರ್ ಪ್ಯಾಡು, ಬೋಲ್ಟಿಗೆ ನೈಲಾನ್ ಬುಷ್ ಕೊಡಲೇಬೇಕು.

ಈಗ ಸ್ಪೇರ್. ಗಿರಾಕಿ ಗಾಡಿ ತಂದು ನಿಲ್ಲಿಸಿದಾಗ ನಾನು ಕೇಳುವುದು ಒಂದೇ, ಇದರ ಕ್ಲಚ್ ಪ್ಲೇಟ್ ಯಾವುದಕ್ಕೆ ಮ್ಯಾಚ್? ಬ್ರೇಕ್ ಶೂ, ವೀಲ್ ಬೇರಿಂಗ್, ಟೈ ರಾಡ್ ಎಂಡ್, ಫ್ಯಾನ್ ಬೆಲ್ಟ್, ಆಯಿಲ್ ಫಿಲ್ಟರ್, ಇಷ್ಟೂ ಆ ದೇಶದಲ್ಲಿ ಅತಿ ಜಾಸ್ತಿ ಓಡುವ ಒಂದೇ ಗಾಡಿಯದ್ದಾಗಿರಬೇಕು. ನಾಲ್ಕು ಕಂಪನಿಯಿಂದ ಅಗ್ಗಕ್ಕೆ ಸಿಕ್ಕಿತು ಅಂತ ಒಂದೊಂದು ತಂದು ಸೇರಿಸಬಾರದು. ಮನಿಲಾ ಪಕ್ಕದ ಕೆಜಾನ್ ಸಿಟಿಯಲ್ಲಿ ಬನಾವೆ ಅಂತ ಒಂದು ಬೀದಿ ಇದೆ, ಉದ್ದಕ್ಕೂ ಸ್ಪೇರ್ ಪಾರ್ಟ್ ಅಂಗಡಿ. ಆ ಬೀದಿಯಲ್ಲಿ ಯಾವುದೇ ಅಂಗಡಿಗೆ ಹೋಗಿ ಕೇಳಿದರೂ ಸಿಗದ ಪಾರ್ಟ್ ಕಾರಿನಲ್ಲಿ ಇರಲೇಬಾರದು, ಬಾಡಿಯ ತಗಡು ಮತ್ತು ಬೀಡಿಂಗ್ ರಬ್ಬರ್ ಬಿಟ್ಟು. ಜೀಪ್ನಿ ಬದುಕಿದ್ದು ಚಂದ ಇದ್ದದ್ದಕ್ಕಲ್ಲ, ಜಪಾನಿನಿಂದ ಬಂದ ಹಳೇ ಇಸುಜು 4ಬಿಎ1, 4ಬಿಸಿ2 ಎಂಜಿನ್ನನ್ನು ಬಿಚ್ಚಿ ಕಟ್ಟಲು ಗೊತ್ತಿರುವ ಮೆಕ್ಯಾನಿಕ್ ಊರೂರಿಗೂ ಇದ್ದದ್ದಕ್ಕೆ.

ಮತ್ತೆ ಎಷ್ಟು ದೂರಕ್ಕೆ ಮಾರುತ್ತಾನೆ? ಅವರದ್ದು ಏಳು ಸಾವಿರದ ಮೇಲೆ ದ್ವೀಪ. ಬೇರೆ ದ್ವೀಪದವನಿಗೆ ಒಂದು ಕಾರು ಮಾರಿ, ಅದು ಕೆಟ್ಟರೆ ದೋಣಿ ಹತ್ತಿ ಹೋಗಬೇಕಾ? ಅಲ್ಲಿ 2014ರಲ್ಲಿ ಒಂದು ಕಾನೂನು ಬಂದಿದೆ, ಹೊಸ ಗಾಡಿ ಮೊದಲ 12 ತಿಂಗಳು ಅಥವಾ 20,000 ಕಿ.ಮೀ. ಒಳಗೆ ಒಂದೇ ದೋಷಕ್ಕೆ ನಾಲ್ಕು ಸಲ ರಿಪೇರಿ ಮಾಡಿಯೂ ಸರಿಯಾಗದಿದ್ದರೆ ಗಿರಾಕಿ ಬದಲಿ ಗಾಡಿಯನ್ನೋ ದುಡ್ಡನ್ನೋ ಕೇಳಬಹುದು. ಮೂರು ಜನರ ಶೆಡ್ಡಿಗೆ ಅಂಥ ಎರಡು ಕೇಸು ಬಂದರೆ ಬಾಗಿಲು ಹಾಕಬೇಕು. ಹುಡುಗ ಬೈಕಿನಲ್ಲಿ ಟೂಲ್ ಬ್ಯಾಗ್ ಹಾಕಿಕೊಂಡು ಹೋಗಿ ಸಂಜೆಗೆ ವಾಪಸ್ ಬರುವಷ್ಟು ದೂರದ ಒಳಗೇ ಮಾರಲಿ, ಮೊದಲ ಎರಡು ಮೂರು ವರ್ಷ.

ಮಂಜೇಶ್ವರ ಕಡಲಬದಿ:

ಎಲ್ಲ ಸರಿ, ಆದರೆ 4 ಲಕ್ಷ ಪೆಸೊ ಕೈಯಲ್ಲಿದ್ದವನು ಸೆಕೆಂಡ್ ಹ್ಯಾಂಡ್ ವಿಯೋಸ್ ತೆಗೆದುಕೊಳ್ಳುತ್ತಾನೆ ಸ್ವಾಮಿ, ಏಸಿ ಇರುತ್ತದೆ, ಮಾವನ ಮನೆ ಮುಂದೆ ನಿಲ್ಲಿಸಿದರೆ ಮರ್ಯಾದೆ ಇರುತ್ತದೆ. ನ್ಯಾನೋ ನೆನಪಿದೆಯಾ? 2008ರಲ್ಲಿ ಒಂದು ಲಕ್ಷದ ಕಾರು ಅಂತ ಪ್ರಪಂಚವೇ ತಿರುಗಿ ನೋಡಿತು. ಸಿಂಗೂರು ಬಿಟ್ಟು ಸಾನಂದಕ್ಕೆ ಹೋಗಿ, ಕೊನೆಗೆ 2018ರಲ್ಲಿ ನಿಂತೇ ಹೋಯಿತು. ಅಗ್ಗದ ಕಾರು ಅಂತ ಹಣೆಪಟ್ಟಿ ಬಿದ್ದರೆ ಯಾರಿಗೂ ಬೇಡ. ಟಾಟಾದವರಿಗೇ ಆಗದ್ದು ಲಗುನಾದ ಶೆಡ್ಡಿನಲ್ಲಿ ಆಗುತ್ತದಾ?

ಇಷ್ಟಕ್ಕೂ ಮಾಡಲೇಬೇಕು ಅಂದರೆ ಕರೆಂಟಿನ ಗಾಡಿ ಮಾಡಲಿ. ಅಲ್ಲಿ ಎಲೆಕ್ಟ್ರಿಕ್ ಗಾಡಿಗೆ ಎಕ್ಸೈಸ್ ತೆರಿಗೆ ಇಲ್ಲ, ಯೂರೋ 4 ಗೋಳೂ ಇಲ್ಲ.

ಜತ್ತ ಕ್ರೂಸರ್:

ಮಂಜೇಶ್ವರದ ಅಣ್ಣಾರ, ಕಾರು ಅಂತ ನೋಡಿದರೆ ನಿಮ್ಮ ಮಾತು ಖರೇ. ನಾನು ಬೇರೆ ಕಡೆಯಿಂದ ನೋಡ್ತೀನಿ. ನಮ್ಮ ಜತ್ತ, ಸಂಖ, ಉಮದಿ ಕಡೆ ಎಸ್‌ಟಿ ಬಸ್ಸು ಬರೋ ಹೊತ್ತು ದೇವರಿಗೇ ಗೊತ್ತು. ಜನ ನಂಬಿರೋದು ವಡಾಪ ಗಾಡಿನ, ಅಂದರೆ ಸೀಟಿಗಿಷ್ಟು ಅಂತ ಮಂದಿ ತುಂಬಿಕೊಂಡು ಹೋಗೋ ಖಾಸಗಿ ಗಾಡಿ. ನಾ ಕ್ರೂಸರ್ ಓಡಿಸ್ತೀನಿ. ನಾವು ಗಾಡಿ ತಗೊಳ್ಳೋವಾಗ ಶೋಕಿ ನೋಡಲ್ಲ. ತಿಂಗಳಾ ಕಂತು ಎಷ್ಟು, ಡೀಸೆಲ್ ಎಷ್ಟು ಕುಡಿತದ, ಗಾಡಿ ಗ್ಯಾರೇಜಿನಾಗ ಎಷ್ಟು ದಿನ ನಿಲ್ತದ, ಇಷ್ಟೇ. ಒಂದು ದಿನ ನಿಂತರೆ ಆ ದಿನದ ಗಳಿಕೆ ಹೋಯ್ತು, ಮ್ಯಾಲೆ ಮಿಸ್ತ್ರಿ ಬಿಲ್ಲು.

ಟಮರಾವ್ ಗೆದ್ದಿದ್ದೂ ಹಿಂಗೇ. ಮನೆಮಂದಿ ಕಾರಾಗಿ ಅಲ್ಲ, ದುಡಿಯೋ ಗಾಡಿಯಾಗಿ. ಮುಂದೆ ಟಮರಾವ್ ಎಫ್‌ಎಕ್ಸ್ ಬಂದಾಗ ಮನಿಲಾದಾಗ ಶೇರ್ ಟ್ಯಾಕ್ಸಿಗೇ ಎಫ್‌ಎಕ್ಸ್ ಅನ್ನೋ ಹೆಸರು ಬಿತ್ತು. ಹಂಗಾಗಿ ನಿಮ್ಮ ದೋಸ್ತಗ ಹೇಳ್ರಿ, ಮನೆಮಂದಿಗೆ ಮಾರೋದು ಆಮೇಲೆ. ಮೊದಲು ಕಿರಾಣಿ ಅಂಗಡಿಯವ, ಶಾಲೆ ಮಕ್ಕಳನ್ನ ಬಿಡೋನು, ಮೀನು ತರೋನು, ಇವರಿಗೆ ಮಾರಲಿ. ಇವರಿಗೆ ಹಣೆಪಟ್ಟಿ ಚಿಂತೆ ಇಲ್ಲ.

ಆದರೆ ಎಚ್ಚರ. ಅಲ್ಲಿ ಸರ್ಕಾರ 2017ರಾಗ ಹಳೇ ಜೀಪ್ನಿ ತೆಗೆದು ಹೊಸದು ತರ್ರಿ ಅಂತ ಶುರು ಮಾಡಿತು. ಹೊಸ ಗಾಡಿಗೆ 20 ಲಕ್ಷ ಪೆಸೊ ಮ್ಯಾಲೆ. ಡ್ರೈವರ್ ಮಂದಿ ಎಲ್ಲಿಂದ ತರಬೇಕು? 2023ರ ಮಾರ್ಚಿನಾಗ ಮುಷ್ಕರ ಆಯ್ತು. ಗಾಡಿ ಛಲೋ ಇದ್ದರೂ ಕಂತು ಕಟ್ಟೋಕೆ ಆಗದಿದ್ರೆ ಅದು ಅಗ್ಗ ಅಲ್ಲ, ತುಟ್ಟಿ ಅಲ್ಲ, ಉಪಯೋಗಕ್ಕೇ ಇಲ್ಲ. ಬ್ಯಾಂಕಿನವನು ಹೆಸರಿಲ್ಲದ ಕಂಪನಿ ಗಾಡಿಗೆ ಸಾಲ ಕೊಡಲ್ಲ, ಕೊಟ್ಟರೂ ಬಡ್ಡಿ ಜಾಸ್ತಿ. ಟೂಲ್‌ರೂಮಿನ ಅಣ್ಣಾರು ಹೇಳಿದಂಗೆ ಕಂಪನಿ ಚಾಸಿ ಮ್ಯಾಲೆ ಕಟ್ಟಿದರೆ ಆರ್‌ಸಿ ಪುಸ್ತಕದಾಗ ಕಂಪನಿ ಹೆಸರೇ ಇರ್ತದ, ಸಾಲಾನೂ ಸಿಗ್ತದ, ನಾಳೆ ಮಾರೋಕೂ ಆಗ್ತದ.

ಹಾಂ, ಒಂದು ಮಾತು. ನಮ್ಮ ಪಕ್ಕದ ಇಚಲಕರಂಜಿಯಾಗ ಶಂಕರರಾವ್ ಕುಲಕರ್ಣಿ ಅಂತ ಒಬ್ಬರಿದ್ರು. ಸ್ವಂತ ಮೀರಾ ಅಂತ ಪುಟ್ಟ ಕಾರು ಕಟ್ಟಿದ್ರು, 1949ರಾಗ ಮೊದಲನೇದು, 70ರ ದಶಕದ ತನಕ ಸುಧಾರಿಸ್ತಾ ಇದ್ರು. ರೋಡಿನ ಮ್ಯಾಲೆ ಓಡ್ತು. ಕಾರ್ಖಾನೆಗೆ ಮಾತ್ರ ಹೋಗಲೇ ಇಲ್ಲ. ಕಾರು ಓಡೋದು ಒಂದು ಹಂತ, ಲೈಸೆನ್ಸು, ಬಂಡವಾಳ, ಸರ್ಕಾರ, ಅದು ಬೇರೇನೇ ಘಾಟು.

ಕುಂಬಳೆ ಗ್ಯಾರೇಜ್:

@ಮಂಜೇಶ್ವರ, ಕರೆಂಟಿನ ಗಾಡಿ ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ. ಆದರೆ ಅಲ್ಲಿ ಕರೆಂಟು ದರ ಆ ಭಾಗದ ದೇಶಗಳಲ್ಲೇ ಜಾಸ್ತಿ ಇರುವವುಗಳಲ್ಲಿ ಒಂದು. ಮೇಲೆ ನೆರೆ. 2009ರ ಓಂಡೋಯ್ ಚಂಡಮಾರುತಕ್ಕೆ ಮನಿಲಾದಲ್ಲಿ ಕಾರುಗಳು ತೇಲಿದ್ದವು. ಪೆಟ್ರೋಲ್ ಗಾಡಿಯಾದರೆ ಗಾಳಿ ಎಳೆಯುವ ಬಾಯಿಯನ್ನು ಡ್ಯಾಶ್‌ಬೋರ್ಡ್ ಎತ್ತರಕ್ಕೆ ಏರಿಸಿ, ಎಂಜಿನ್ ನಡೆಸುವ ಕಂಪ್ಯೂಟರ್ ಪೆಟ್ಟಿಗೆ ಇಸಿಯುವನ್ನು ಸೀಟಿನ ಅಡಿಯಿಂದ ಮೇಲೆ ತಂದರೆ ಅರ್ಧ ತಲೆನೋವು ಹೋಯಿತು. ಬ್ಯಾಟರಿ ಪೆಟ್ಟಿಗೆಗೆ ನೀರು ಹೊಗದ ಹಾಗೆ ಮಾಡುವುದು ಶೆಡ್ಡಿನ ಕೆಲಸ ಅಲ್ಲ. ಅದೂ ಅಲ್ಲದೆ ಬ್ಯಾಟರಿ ಸತ್ತಾಗ ಅರ್ಧ ಗಾಡಿಯ ದುಡ್ಡು. ಆಗ ಗಿರಾಕಿಗೆ ಎಂತ ಹೇಳುವುದು?

ಬದಿಯಡ್ಕದವ:

ತುಂಬಾ ಉಪಕಾರ ಎಲ್ಲರಿಗೂ. ನಿನ್ನೆ ರಾತ್ರಿ ಅವನ ಹತ್ತಿರ ವಿಡಿಯೋ ಕಾಲಿನಲ್ಲಿ ಮಾತಾಡಿದೆ. ಚಾಸಿ ಮೇಲೆ ಕಟ್ಟು ಅಂದದ್ದಕ್ಕೆ ಮೊದಲು ಮುಖ ಸಣ್ಣ ಮಾಡಿದ. ಹಾಗಾದರೆ ನಮ್ಮದು ಅಂತ ಏನುಳಿಯಿತು ಅಂತ. ಹೊಸ ಚಾಸಿ ತಗೊಂಡರೆ 4 ಲಕ್ಷ ಪೆಸೊದ ಮಾತೂ ಮರೆಯಬೇಕು, ಅದು ನಿಜ.

ಆದರೆ ಜತ್ತದ ಅಣ್ಣನ ಲೆಕ್ಕ ಕೇಳಿದ ಮೇಲೆ ಅವನ ಭಾವ ತಲೆ ಹಾಕಿದ. ಭಾವ ಮೊದಲು ಜೀಪ್ನಿ ಓಡಿಸುತ್ತಿದ್ದವ. ಬೆಲೆ ಮೇಲೆ ಹೋದರೂ ಪರವಾಗಿಲ್ಲ, ಸಾಲ ಸಿಗಬೇಕು, ಏಳೆಂಟು ಜನ ಕೂರಬೇಕು ಅನ್ನುವುದು ಅವನ ಕಡೆ. ಇಬ್ಬರಿಗೂ ನನ್ನ ಎದುರೇ ಅರ್ಧ ಗಂಟೆ ಜಗಳ, ತಗಾಲೊಗ್‌ನಲ್ಲಿ, ನನಗೆ ಅರ್ಥವಾದದ್ದು ‘ಮಿತ್ಸುಬಿಷಿ’ ಮಾತ್ರ. ಕೊನೆಗೆ ಒಂದು ಸೆಕೆಂಡ್ ಹ್ಯಾಂಡ್ ಎಲ್300 ತಂದು, ಅದರ ಹಳೇ ಬಾಡಿ ಕಿತ್ತು, ಚಪ್ಪಟೆ ಡಿಸೈನಿನಲ್ಲಿ ಒಂದು ಕಟ್ಟಿ, ಭಾವನೇ ಒಂದು ಮಳೆಗಾಲ ಓಡಿಸಿ ನೋಡುವುದು ಅಂತ ಆಗಿದೆ.

ಹೊಸೂರಿನವರೇ, ಅವನು ಕೇಳಿದ್ದು ಎರಡು. ತಗಡು ಎಷ್ಟು ದಪ್ಪ, ಮತ್ತು ಟೊಯೋಟಾದವರೇ ಟಮರಾವ್ ಮತ್ತೆ ತಂದಿದ್ದಾರಲ್ಲ, ಅದರ ಮುಂದೆ ನಾವು ನಿಲ್ಲುತ್ತೇವಾ?

ಹೊಸೂರು ಟೂಲ್‌ರೂಮ್:

ಎರಡನೇದು ಮೊದಲು. ಹೌದು, ಹೊಸ ಟಮರಾವ್ 2024ರ ಕೊನೆಗೆ ಬಂತು, ಲಗುನಾದ ಸಾಂತಾ ರೋಸಾದಲ್ಲೇ ತಯಾರಿ. ಅದರ ಜೊತೆ ಸ್ಪರ್ಧೆ ಯಾಕೆ? ಅದರ ಮೇಲೂ ಬೇರೆ ಬೇರೆ ಥರದ ಬಾಡಿ ಕೂರಿಸುತ್ತಾರೆ, ಅದಕ್ಕೂ ಬಾಡಿ ಕಟ್ಟುವವರು ಬೇಕು. ಅಲ್ಲಿಗೆ ಥಾಯ್ಲೆಂಡ್, ಇಂಡೊನೇಷ್ಯಾದಿಂದ ಕಾರುಗಳು ಸುಂಕ ಇಲ್ಲದೆ ಬರುತ್ತವೆ, 2010ರಿಂದ ಆಸಿಯಾನ್ ಒಪ್ಪಂದ ಹಾಗಿದೆ. ಟೊಯೋಟಾ ವಿಗೋ ಇಂಡೊನೇಷ್ಯಾದ್ದು, ಸುಜುಕಿ ಎಸ್‌ಪ್ರೆಸ್ಸೋ ನಮ್ಮ ಇಂಡಿಯಾದಿಂದಲೇ ಹೋಗುವುದು. ಆ ಬೆಲೆಗೆ ಸಣ್ಣ ಕಾರು ಮಾಡಿ ಯಾರೂ ಶೆಡ್ಡಿನಲ್ಲಿ ಗೆಲ್ಲಲ್ಲ. ಮೀನಿನವನಿಗೆ ಒಂದು ಥರ, ಶಾಲೆಯವನಿಗೆ ಒಂದು ಥರ ಬಾಡಿ ಅಂತ ಕಟ್ಟಿಕೊಡಲು ದೊಡ್ಡ ಕಂಪನಿಗೆ ಪುರುಸೊತ್ತಿಲ್ಲ. ಜಾಗ ಇರುವುದು ಅಲ್ಲಿ.

ತಗಡು ಹೊರಗೆ 1 ಮಿ.ಮೀ., ನೆಲಕ್ಕೆ 1.6, ಕಂಬಗಳಿಗೆ 2 ಇರಲಿ. ಗ್ಯಾಲ್ವನೈಸ್ಡ್ ತಗಡೇ ತಗೊಳ್ಳಲಿ, ವೆಲ್ಡ್ ಮಾಡಿದ ಜಾಗದಲ್ಲಿ ಸತು ಸುಟ್ಟುಹೋಗುತ್ತದೆ, ಅಲ್ಲಿ ಝಿಂಕ್ ಪ್ರೈಮರ್ ಬಳಿಯಲೇಬೇಕು. ವೆಲ್ಡ್ ಮಾಡುವಾಗ ಏಳುವ ಬಿಳಿ ಹೊಗೆ ಕೆಟ್ಟದ್ದು, ಶೆಡ್ಡಿನಲ್ಲಿ ಫ್ಯಾನ್ ಇರಲಿ, ವೆಲ್ಡರ್‌ಗೆ ಹೇಳುವ ಅಗತ್ಯ ಇಲ್ಲ ಆದರೂ. ಅಗಲವಾದ ಚಪ್ಪಟೆ ತಗಡು ಓಡುವಾಗ ಡಬ್ಬದ ಥರ ಬಡಿದುಕೊಳ್ಳುತ್ತದೆ, ಅದಕ್ಕೆ ಉದ್ದಕ್ಕೆ ಎರಡು ಗೆರೆ ಮಡಿಕೆ ಕೊಡಲಿ. ಹಳೇ ಟಮರಾವ್ ಬದಿಯಲ್ಲಿ ಗೆರೆಗಳು ಇದ್ದದ್ದು ಚಂದಕ್ಕಲ್ಲ.

ಡ್ರಾಯಿಂಗ್ ಫೋಟೋ ಬೇಡ, ಅಳತೆ ಸಮೇತ ಕಂಪ್ಯೂಟರಿನಲ್ಲಿ ತೆರೆಯುವ ಡಿಎಕ್ಸ್‌ಎಫ್ ಫೈಲ್ ಕಳಿಸಲು ಹೇಳಿ. ಅದಕ್ಕೆ ಮುಂಚೆ ಅವನು ತಗಡು ಮಡಿಸುವ ಶೆಡ್ಡಿಗೆ ಹೋಗಿ ಅವರ ಪ್ರೆಸ್ ಬ್ರೇಕ್ ಎಷ್ಟು ಉದ್ದದ್ದು ಅಂತ ಕೇಳಿಕೊಂಡು ಬರಲಿ. ಎರಡೂವರೆ ಮೀಟರ್ ಆದರೆ ಬದಿಯ ತಗಡು ಎರಡು ತುಂಡಾಗಬೇಕು, ಜೋಡಣೆ ಹಿಂದಿನ ಬಾಗಿಲಿನ ಕಂಬದ ಮೇಲೆ ಬರುವ ಹಾಗೆ ನಾನು ಇಲ್ಲಿ ಕೂತು ಗುರುತು ಹಾಕಿ ಕೊಡ್ತೀನಿ.